ಬಿಸ್ಮಿಲ್ಲಾ ಬಿಯ ಕೈಗುಣ

ಆ ವರ್ಷ ದೀಪಾವಳಿ ಕಳೆದ ಮೇಲೆ ಬಿಸ್ಮಿಲ್ಲಾ ಬಿ ಹೆರಿಗೆಗೆ ಹೋಗುವುದನ್ನು ನಿಲ್ಲಿಸಿದಳು. ಸಾವಿರದ ಒಂಬೈನೂರ ಮೂವತ್ತಾರರ ಮಾತು. ಶಿರಸಿ ಪೇಟೆಯಲ್ಲಿ ಅವಳನ್ನು ತಿಳಿಯದವರಿರಲಿಲ್ಲ. ಮಗು ಅಡ್ಡ ಬಿದ್ದಿದೆ, ಊರಿನ ಸೂಲಗಿತ್ತಿಯ ಕೈಯಲ್ಲಿ ಆಗುತ್ತಿಲ್ಲ ಎಂದಾಗ ದಾಸನಕೊಪ್ಪದಿಂದಲೋ, ಸಿದ್ದಾಪುರದ ಕಡೆಯ ತ್ಯಾಗಲಿಯಿಂದಲೋ, ದೂರದ ಯಲ್ಲಾಪುರದಿಂದಲೋ ಗಾಡಿ ಕಟ್ಟಿಕೊಂಡು ಬಂದು ಅವಳನ್ನು ಕರೆದೊಯ್ಯುತ್ತಿದ್ದರು. ಅಂಥ ಹೊತ್ತಿನಲ್ಲಿ ಯಾರೂ ಜಾತಿ ಎತ್ತುತ್ತಿರಲಿಲ್ಲ. ಬಾಣಂತಿಕೋಣೆಯ ಬಾಗಿಲು ಅವಳಿಗೆ ಎಲ್ಲ ಮನೆಗಳಲ್ಲೂ ತೆರೆಯುತ್ತಿತ್ತು. ಅಡುಗೆಮನೆಯದು ಕೆಲವು ಕಡೆ ತೆರೆಯುತ್ತಿರಲಿಲ್ಲ. ಅದನ್ನು ಅವಳು ಮನಸ್ಸಿಗೆ ಹಚ್ಚಿಕೊಂಡವಳಲ್ಲ.

ಆದರೆ ಆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದರ ಹಿಂದೆ ಒಂದು ಕೆಟ್ಟ ಹೆರಿಗೆಗಳಾದವು. ತ್ಯಾಗಲಿಯ ಮಂಜಿಗೆ ಸತ್ತ ಮಗು ಹುಟ್ಟಿತು. ದಾಸನಕೊಪ್ಪದಲ್ಲಿ ಕೆರಿಯನ ಹೆಂಡತಿ ದುರ್ಗಿಯ ಮಗು ಒಂದು ಉಸಿರೆಳೆದು ಸುಮ್ಮನಾಯಿತು. ಆಮೇಲೆ ಯಲ್ಲಾಪುರದ ಒಂದು ಮನೆಯಲ್ಲಿ ತಾಯಿಯೇ ಉಳಿಯಲಿಲ್ಲ. ಸಂತೆಯಲ್ಲಿ ಮಾತು ಹುಟ್ಟಲು ಇಷ್ಟು ಸಾಕಿತ್ತು. ಬಿಸ್ಮಿಲ್ಲಾ ಬಿಯ ಕೈಗುಣ ಹೋಯಿತಂತೆ, ಅವಳು ಹೊಸ್ತಿಲು ದಾಟಿದ ಮನೆಯಲ್ಲಿ ಮಗು ಉಳಿಯುವುದಿಲ್ಲವಂತೆ. ಹೇಳಿದವರಲ್ಲಿ ಯಾರಿಗೂ ಅವಳ ಮೇಲೆ ಹಗೆಯಿರಲಿಲ್ಲ. ಬಸುರಿ ಹೆಣ್ಣುಮಕ್ಕಳಿರುವ ಮನೆಯವರು ಹೆದರಿ ಆಡಿದ ಮಾತು ಅದು. ಹೆದರಿಕೆಯ ಮಾತಿಗೆ ಕಾಲು ಬೇಗ ಬರುತ್ತದೆ.

ಒಂದು ದಿನ ಅವಳದೇ ಬೀದಿಯ ಕೊನೆಯ ಮನೆಯ ಹುಡುಗ ಕರೆಯಲು ಓಡಿಬಂದ. ಬಿಸ್ಮಿಲ್ಲಾ ಬಿ ತನ್ನ ಎಣ್ಣೆಯ ಕುಡಿಕೆ, ಹಳೇ ಬಟ್ಟೆಯ ಗಂಟು ಹಿಡಿದು ಬಾಗಿಲಿಗೆ ಹೋಗಿ ನಿಂತಾಗ, ಒಳಗಿನಿಂದ ಆ ಮನೆಯ ಅತ್ತೆ ಬಂದು, ಹುಡುಗ ತಿಳಿಯದೆ ಓಡಿಬಂದಿದ್ದಾನೆ, ಬೇರೆಯವರಿಗೆ ಹೇಳಿಯಾಗಿದೆ ಎಂದಳು. ಮುಖ ನೋಡಿ ಹೇಳಲಿಲ್ಲ, ಬಾಗಿಲ ಚೌಕಟ್ಟನ್ನು ನೋಡುತ್ತ ಹೇಳಿದಳು. ಬಿಸ್ಮಿಲ್ಲಾ ಬಿ ಮನೆಗೆ ಬಂದು ಗಂಟನ್ನು ಅಟ್ಟದ ಮೇಲಿಟ್ಟಳು. ಸೊಸೆ ಚಾಂದ್ ಬಿ ಸಿಟ್ಟಿನಿಂದ ಏನೋ ಹೇಳಹೋದಾಗ ಅವಳನ್ನು ತಡೆದಳು.

"ಅವ್ರು ಹೇಳೋದು ಸುಳ್ಳಲ್ಲ," ಎಂದಳು. "ನಾನೂ ಯೋಚನೆ ಮಾಡಿ ನೋಡ್ದೆ. ಕೈ ಹೋಗಿದೆ."

ಅಂದಿನಿಂದ ಅವಳು ಹಿತ್ತಿಲ ಕಡೆಯ ಜಗುಲಿಯಲ್ಲಿ ಕೂತು ಬಿಡುತ್ತಿದ್ದಳು. ಆಗಾಗ ಎರಡೂ ಅಂಗೈಗಳನ್ನು ಮಡಿಲಲ್ಲಿ ಅಗಲಿಸಿಕೊಂಡು, ಬೇರೆ ಯಾರದೋ ಕೈಗಳನ್ನು ನೋಡುವ ಹಾಗೆ ನೋಡುತ್ತಿದ್ದಳು. ಮಗ ನೂರ್ ಅಹ್ಮದ್ ಕುಮಟೆಯ ಹಾದಿಯಲ್ಲಿ ಸರಕಿನ ಗಾಡಿ ಹೊಡೆಯುವವನು, ವಾರಕ್ಕೊಮ್ಮೆ ಮನೆ ಮುಟ್ಟುತ್ತಿದ್ದ. ಬಂದಾಗ ತಾಯಿಗೆ ವಯಸ್ಸಾಯಿತು, ವಿಶ್ರಾಂತಿ ಒಳ್ಳೆಯದೇ ಎಂದ. ಅದು ವಿಶ್ರಾಂತಿಯಲ್ಲ ಎಂಬುದು ಮೊಮ್ಮಗಳು ಜೊಹರಾಳಿಗೆ ಮಾತ್ರ ಗೊತ್ತಿತ್ತು. ಅವಳು ರಾತ್ರಿ, ತಾನು ದಾದಿ ಎಂದು ಕರೆಯುವ ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದಳು, ಅಜ್ಜಿ ನಿದ್ದೆ ಮಾಡುತ್ತಿರಲಿಲ್ಲ.

ಜೊಹರಾ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಓದುತ್ತಿದ್ದಳು. ನಾಲ್ಕನೆಯದು ಮುಗಿದಾಗಲೇ ಇನ್ನು ಸಾಕು ಎಂದು ಅಪ್ಪ ಹೇಳಿದ್ದ. ಏಳನೆಯದರ ಕೊನೆಗೆ ಬರುವ ಮುಲ್ಕಿ ಪರೀಕ್ಷೆಯವರೆಗೆ ಓದಲಿ ಎಂದು ಹಟ ಹಿಡಿದವಳು ಬಿಸ್ಮಿಲ್ಲಾ ಬಿ. ಓದಿನಲ್ಲಿ ಜೊಹರಾ ಚುರುಕೇ. ಲೆಕ್ಕ ಮಾತ್ರ ಅವಳಿಗೆ ಒಗ್ಗುತ್ತಿರಲಿಲ್ಲ. ಉತ್ತರ ಸರಿ ಬಂದರೂ ಅದು ಯಾಕೆ ಸರಿ ಎಂದು ತಿಳಿಯದೆ ಒದ್ದಾಡುವ ಹುಡುಗಿ.

ಲೆಕ್ಕ ಕಲಿಸುತ್ತಿದ್ದವರು ಶಿವಲಿಂಗಪ್ಪ ಮಾಸ್ತರು. ಧಾರವಾಡದ ಕಡೆಯವರು, ವಯಸ್ಸು ಮೂವತ್ತರ ಒಳಗೆ. ವರ್ಗವಾಗಿ ಬಂದು ಎರಡು ವರ್ಷವಾಗಿತ್ತು, ಇನ್ನೂ ಇಲ್ಲಿಯ ಚಳಿಗೆ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಶಾಲೆಗೆ ಬರುತ್ತಿದ್ದರು. ಪಠ್ಯದಲ್ಲಿ ಇಲ್ಲದ್ದನ್ನು ಕಲಿಸುವ ಚಪಲ ಅವರಿಗೆ. ಆ ಚಳಿಗಾಲದಲ್ಲಿ ಒಂದು ದಿನ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಅಡ್ಡ ಉದ್ದ ಗೆರೆ ಎಳೆದು ಚೌಕಗಳನ್ನು ಮಾಡಿದರು. ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಗೋಡೆಗೆ ಬೆನ್ನು ಹಚ್ಚಿ ನಿಂತು ಎತ್ತರ ಅಳೆಸಿಕೊಳ್ಳಬೇಕು, ಆಮೇಲೆ ಎರಡೂ ತೋಳು ಚಾಚಿ ಬೆರಳ ತುದಿಯಿಂದ ಬೆರಳ ತುದಿಗೆ ದಾರ ಹಿಡಿಸಿಕೊಳ್ಳಬೇಕು. ಎತ್ತರಕ್ಕೆ ತಕ್ಕಷ್ಟು ಬಲಕ್ಕೆ ಸರಿದು, ತೋಳಿಗೆ ತಕ್ಕಷ್ಟು ಮೇಲೆ ಏರಿ, ಹಲಗೆಯ ಮೇಲೆ ತನ್ನದೊಂದು ಚುಕ್ಕಿ ಇಡಬೇಕು. ಒಬ್ಬ ಹುಡುಗಿಗೆ ಒಂದೇ ಚುಕ್ಕಿ.

ಎಲ್ಲರದೂ ಮುಗಿದ ಮೇಲೆ ಇದರಿಂದ ಏನು ಕಾಣುತ್ತದೆ ಎಂದು ಮಾಸ್ತರರು ಜೊಹರಾಳನ್ನು ಕೇಳಿದರು. ಅವಳು ಸುಣ್ಣದ ಕಡ್ಡಿ ತಗೊಂಡು ಮೊದಲಿಟ್ಟ ಚುಕ್ಕಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಗೆರೆ ಎಳೆಯುತ್ತ ಹೋದಳು. ಹಲಗೆಯ ತುಂಬ ಹರಿದ ಜೇಡರ ಬಲೆಯಂಥದ್ದೊಂದು ಎದ್ದಿತು. ಹಿಂದಿನ ಸಾಲಿನವರು ಬಾಯಿಗೆ ಸೆರಗು ಒತ್ತಿಕೊಂಡರು. ಮಾಸ್ತರರು ನಗಲಿಲ್ಲ. ಗೆರೆಗಳನ್ನೆಲ್ಲ ಬೆರಳಿನಿಂದ ಜಾಗ್ರತೆಯಾಗಿ ಒರೆಸಿ, ಅವಳನ್ನು ಕೋಣೆಯ ಬಾಗಿಲಿಗೆ ಕಳಿಸಿದರು.

"ಇದು ನಡಕೊಂತ ಹೋಗೋ ಹಾದಿ ಅಲ್ಲವ್ವಾ. ಒಂದೊಂದು ಚುಕ್ಕಿ ಒಬ್ಬೊಬ್ಬಾಕಿ," ಎಂದರು. "ಯಾರದು ಯಾವುದು ಅನ್ನೋದನ್ನ ಮರ್ತುಬಿಡು. ದೂರ ನಿಂತು ಗುಂಪು ನೋಡು."

ಬಾಗಿಲಲ್ಲಿ ನಿಂತು ನೋಡಿದಾಗ ಜೊಹರಾಳಿಗೆ ಕಂಡಿತು. ಚುಕ್ಕಿಗಳು ಗೆರೆಯಂತೆ ನೆಟ್ಟಗಿರಲಿಲ್ಲ, ಆದರೆ ಸುಮ್ಮನೆ ಚೆಲ್ಲಿದ ಹಾಗೂ ಇರಲಿಲ್ಲ. ಎಡದ ಕೆಳಮೂಲೆಯಿಂದ ಬಲದ ಮೇಲ್ಮೂಲೆಗೆ, ಸಂಜೆ ಹಾರುವ ಗಿಳಿಗಳ ಹಿಂಡಿನ ಹಾಗೆ ಓರೆಯಾಗಿ ಏರಿದ್ದವು. ಎತ್ತರದವಳಿಗೆ ತೋಳೂ ಉದ್ದ. ಒಬ್ಬಿಬ್ಬರು ಹಿಂಡು ಬಿಟ್ಟು ಆಚೀಚೆ ಇದ್ದರು. ಅದರಿಂದ ಹಿಂಡಿನ ದಿಕ್ಕೇನೂ ಬದಲಾಗಿರಲಿಲ್ಲ.

ಮಾರನೆಯ ದಿನ ಎತ್ತರದ ಜೊತೆಗೆ ಹೆಸರಿನ ಅಕ್ಷರಗಳನ್ನು ಎಣಿಸಿ ಚುಕ್ಕಿ ಇಡಿಸಿದರು. ಜೊಹರಾ ಕೇಳದೆಯೇ ಎದ್ದು ಬಾಗಿಲಿಗೆ ಹೋದಳು. ಅಂಗಳದಲ್ಲಿ ರಾಗಿ ಚೆಲ್ಲಿದಂತಿತ್ತು, ಯಾವ ದಿಕ್ಕೂ ಇಲ್ಲ. ಸಂಬಂಧವಿಲ್ಲ ಎನ್ನುವುದೂ ಒಂದು ಉತ್ತರವೇ ಎಂದು ಮಾಸ್ತರರು ಹೇಳಿದರು. ಹಾಗಾದರೆ ತೋಳು ಉದ್ದವಾದದ್ದರಿಂದ ಎತ್ತರ ಬೆಳೆಯುತ್ತದೆಯೋ ಎಂದು ಒಬ್ಬ ಹುಡುಗಿ ಕೇಳಿದಳು. ನಿನ್ನ ತೋಳು ಹಿಡಿದು ಜಗ್ಗಿದರೆ ನೀನು ಉದ್ದ ಆಗ್ತೀಯೇನು ಎಂದು ಅವರು ತಿರುಗಿ ಕೇಳಿದಾಗ ಎಲ್ಲರೂ ನಕ್ಕರು. ಎರಡು ಸಂಗತಿ ಜೊತೆಜೊತೆಗೆ ನಡೆಯುತ್ತವೆ ಎಂದಷ್ಟೇ ಚುಕ್ಕಿಗಳು ಹೇಳುತ್ತವೆ, ಯಾವುದು ಯಾವುದನ್ನು ಎಳೆಯುತ್ತಿದೆ ಎಂಬುದನ್ನು ಬೇರೆ ಕಡೆ ಕೇಳಿ ತಿಳಿಯಬೇಕು ಎಂದು ಪಾಠ ಮುಗಿಸಿದರು.

ಜೊಹರಾ ನಗಲಿಲ್ಲ. ಅವಳ ತಲೆಯಲ್ಲಿ ಅಜ್ಜಿ ಇದ್ದಳು. ಅಜ್ಜಿ ಹೋಗುತ್ತಾಳೆ, ಮಗು ಸಾಯುತ್ತದೆ. ಎರಡೂ ಜೊತೆಜೊತೆಗೆ ನಡೆದಿವೆ. ಊರಿನವರು ನೋಡಿದ್ದು ಅಷ್ಟೇ. ಯಾವುದು ಯಾವುದನ್ನು ಎಳೆಯಿತು ಎಂದು ಯಾರೂ ಕೇಳಿರಲಿಲ್ಲ.

ಆ ಮಧ್ಯಾಹ್ನ ಅವಳು ಅಪ್ಪನ ಚೌಕಳಿ ಲುಂಗಿಯನ್ನು ಹಿತ್ತಿಲ ಜಗುಲಿಯ ಮೇಲೆ ಹಾಸಿದಳು. ಆಟಕ್ಕೆಂದು ಒಂದು ಬದಿ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಟ್ಟ ಹುಣಸೆಬೀಜಗಳು ಮನೆಯಲ್ಲಿದ್ದವು, ಅವನ್ನು ತಂದಳು. ಅಜ್ಜಿ ಮಾಡಿದ ಹೆರಿಗೆಗಳನ್ನು ಹೇಳಬೇಕು ಎಂದಾಗ ಬಿಸ್ಮಿಲ್ಲಾ ಬಿ ಮುಖ ತಿರುಗಿಸಿದಳು. ಹೆಂಗಸರ ನೋವು ಮಕ್ಕಳ ಆಟವಲ್ಲ ಎಂದಳು. ಜೊಹರಾ ಬಿಡಲಿಲ್ಲ, ಆದರೆ ಒತ್ತಾಯಿಸಲೂ ಇಲ್ಲ. ಸುಮ್ಮನೆ ಪಕ್ಕದಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ ಅಜ್ಜಿ ತಾನಾಗಿಯೇ ಶುರು ಮಾಡಿದಳು. ಹೇಳಿಕೊಳ್ಳಲು ಯಾರೂ ಸಿಕ್ಕದೆ ಎಷ್ಟೋ ವಾರಗಳಿಂದ ಅವಳೊಳಗೆ ಅವೇ ಸುತ್ತುತ್ತಿದ್ದವು.

ಮನೆತನದ ಹೆಸರು ಹೇಳಲಿಲ್ಲ, ಊರು ಮಾತ್ರ ಹೇಳಿದಳು. ಜೊಹರಾ ಕೇಳಿದ್ದು ಎರಡೇ. ಮೊದಲ ನೋವು ಬಂದ ಮೇಲೆ ಅಜ್ಜಿ ಆ ಮನೆ ಮುಟ್ಟಲು ಎಷ್ಟು ಜಾವ ಕಳೆದಿತ್ತು? ಹೆತ್ತವಳು ಎದ್ದು ಬಾವಿಕಟ್ಟೆಗೆ ಹೋಗಲು ಎಷ್ಟು ವಾರ ಬೇಕಾಯಿತು? ಒಂದೊಂದು ಜಾವಕ್ಕೆ ಒಂದು ಚೌಕ ಬಲಕ್ಕೆ, ಒಂದೊಂದು ವಾರಕ್ಕೆ ಒಂದು ಚೌಕ ಮೇಲಕ್ಕೆ. ಮಗು ಉಳಿದಿದ್ದರೆ ಬೀಜದ ಬಿಳಿ ಬದಿ ಮೇಲೆ, ಇಲ್ಲವಾದರೆ ಕಪ್ಪು ಬದಿ. ಗಡಿಯಾರ ನೋಡಿ ನಡೆದವಳಲ್ಲ ಬಿಸ್ಮಿಲ್ಲಾ ಬಿ. ಬೆಳಗಿನ ನಮಾಜಿಗೆ ನೋವು ಶುರುವಾಗಿತ್ತಂತೆ, ನಾನು ಹೋದಾಗ ದನ ಮನೆಗೆ ಬರ್ತಿದ್ವು ಎನ್ನುವಳು. ಜೊಹರಾ ಅದನ್ನು ಜಾವ ಮಾಡಿಕೊಂಡು ಬೀಜ ಇಡುವಳು.

ಯಲ್ಲಾಪುರದ ತಾಯಿಯ ಸರದಿ ಬಂದಾಗ ಅಜ್ಜಿ ಬೀಜವನ್ನು ತಾನೇ ಕೈಗೆ ತಗೊಂಡಳು. ಇವಳು ಬಾವಿಕಟ್ಟೆಗೆ ಹೋಗಲೇ ಇಲ್ಲವಲ್ಲ ಎಂದು ಅದನ್ನು ಲುಂಗಿಯ ಮೇಲಂಚಿನ ಆಚೆ, ಬರಿ ನೆಲದ ಮೇಲಿಟ್ಟಳು.

ಬಿಸಿಲು ಹಿತ್ತಿಲ ಗೋಡೆ ದಾಟುವ ಹೊತ್ತಿಗೆ ಲುಂಗಿ ತುಂಬಿತ್ತು. ಜೊಹರಾ ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ನಿಂತಳು. ಆಮೇಲೆ ಅಜ್ಜಿಯ ಕೈ ಹಿಡಿದು ಎಬ್ಬಿಸಿ ತಂದು ಅಲ್ಲೇ ನಿಲ್ಲಿಸಿದಳು. ಬಿಸ್ಮಿಲ್ಲಾ ಬಿಗೆ ಓದು ಬರುತ್ತಿರಲಿಲ್ಲ, ಇದಕ್ಕೆ ಓದು ಬೇಕಾಗಿರಲೂ ಇಲ್ಲ. ಎಡದ ಕೆಳಮೂಲೆಯಲ್ಲಿ ಬಿಳಿ ಬೀಜಗಳು ಒತ್ತಾಗಿ ಕೂತಿದ್ದವು. ಬಲಕ್ಕೆ ಹೋದಂತೆ ಅವು ಮೇಲೇರುತ್ತ, ವಿರಳವಾಗುತ್ತ, ಕಪ್ಪಾಗುತ್ತ ಹೋಗಿದ್ದವು. ಮಂಜಿಯದೂ ದುರ್ಗಿಯದೂ ಬಲದ ಮೇಲ್ಮೂಲೆಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದವು. ಎಡದ ಬಿಳಿ ಗುಂಪಿನ ನಡುವೆ ಒಂದೇ ಒಂದು ಕಪ್ಪು ಬೀಜವಿತ್ತು.

"ಅದು ಗುಡ್ನಾಪುರದ್ದು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ಕೊಂಡಿತ್ತು," ಎಂದಳು ಬಿಸ್ಮಿಲ್ಲಾ ಬಿ. "ಬೇಗನೇ ಹೋಗಿದ್ದೆ. ಅದನ್ನ ಮೇಲಿನವನೇ ತಗೊಂಡ."

ಆ ಸಂಜೆ ಊಟಕ್ಕೆ ಕೂತಾಗ ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಂಡಳು. ಚಾಂದ್ ಬಿ ಮಗಳ ಮುಖ ನೋಡಿದಳು.

ಜೊಹರಾ ಆ ಚುಕ್ಕಿಗಳನ್ನು ಪಾಟಿಯ ಮೇಲೆ ಇಳಿಸಿಕೊಂಡು ಮಾರನೆಯ ದಿನ ಮಾಸ್ತರರಿಗೆ ತೋರಿಸಿದಳು. ಅವರು ಮೊದಲು ಸಂತೋಷದಿಂದಲೇ ಪಾಟಿ ಹಿಡಿದರು. ಇವು ಏನು ಎಂದು ಅವಳು ವಿವರಿಸಿದಾಗ ಅವರ ಮುಖದ ಬಣ್ಣ ಬದಲಾಯಿತು. ಅವರ ಹೆಂಡತಿ ನೀಲವ್ವ ತುಂಬು ಬಸುರಿ. ತವರಿನಲ್ಲಿ ತಾಯಿಯಿಲ್ಲದ ಹೆಣ್ಣು. ಹಿಂದಿನ ವರ್ಷ ಮೊದಲ ಹೆರಿಗೆಗೆ ಅಕ್ಕನ ಊರಿಗೆ ಹೋಗಿ, ಮಗು ಕಳಕೊಂಡು ಬರಿಗೈಯಲ್ಲಿ ಮರಳಿದ್ದಳು. ಈ ಸಲ ಬಿಸ್ಮಿಲ್ಲಾ ಬಿಯನ್ನೇ ಕರೆಯಬೇಕೆಂದು ಮಾಸ್ತರರು ಗೊತ್ತುಮಾಡಿಕೊಂಡಿದ್ದರು. ಪಕ್ಕದ ಮನೆಯ ವೆಂಕಮ್ಮ ಸಂತೆಯ ಮಾತನ್ನು ತಂದು ಮುಟ್ಟಿಸಿದ ಮೇಲೆ ಮನಸ್ಸು ಹಿಂದೆಗೆದಿತ್ತು. ಇದೊಂದೂ ಜೊಹರಾಳಿಗೆ ತಿಳಿದಿರಲಿಲ್ಲ.

ಮಾಸ್ತರರು ಪಾಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅವಳಿಗೆ ಒಂದು ಪ್ರಶ್ನೆ ಹಾಕಿದರು.

"ತಡಾ ಆದದ್ದಕ್ಕ ಕೆಟ್ಟಿತೋ, ಇಲ್ಲಾ ಕೆಟ್ಟ ಹೆರಿಗಿಗೆ ಅಷ್ಟ ನಿಮ್ಮ ಅಜ್ಜಿನ್ನ ತಡಾ ಮಾಡಿ ಕರೀತಾರೋ? ಸಸಾರ ಹೆರಿಗಿ ಎಲ್ಲಾ ಎಡಕ್ಕ, ಕಠಿಣ ಹೆರಿಗಿ ಎಲ್ಲಾ ಬಲಕ್ಕ ಕುಂತಿರಬಹುದಲ್ಲ?"

ಜೊಹರಾ ಲುಂಗಿಯ ಮೇಲಿನ ಬೀಜಗಳನ್ನು ನೆನೆದುಕೊಂಡಳು. ಬೀದಿಯ ಸುಲಭದ ಹೆರಿಗೆಗಳಿಗೆ ಅಜ್ಜಿ ಮೊದಲ ನೋವಿಗೇ ಹೋಗುತ್ತಿದ್ದಳು. ದೂರದ ಊರಿನವರು ಎಲ್ಲ ಪ್ರಯತ್ನ ಮುಗಿದ ಮೇಲೆ ಗಾಡಿ ಕಟ್ಟುತ್ತಿದ್ದರು. ಮಾಸ್ತರರ ಮಾತು ಸರಿಯಿತ್ತು. ಅವಳಿಗೆ ಅಳು ಬಂದಂತಾಯಿತು. ಅವರು ಧ್ವನಿ ತಗ್ಗಿಸಿ, ಹೆದರಬೇಡ, ಕಾಳನ್ನು ಕಾಳಿನ ಜೊತೆ, ಜೊಳ್ಳನ್ನು ಜೊಳ್ಳಿನ ಜೊತೆ ತೂಗಬೇಕು ಎಂದರು. ಮಗು ಅಡ್ಡವಾಗಿಯೋ ಕಾಲು ಮುಂದಾಗಿಯೋ ಇದ್ದ ಹೆರಿಗೆಗಳಿಷ್ಟನ್ನೇ ಉಳಿಸಿಕೊಂಡು ಮಿಕ್ಕ ಬೀಜ ತೆಗೆದುಬಿಡಲು ಹೇಳಿದರು. ಆಮೇಲೂ ಹಿಂಡು ಓರೆಯಾಗಿಯೇ ಏರುತ್ತದೆಯೋ, ಇಲ್ಲಾ ರಾಗಿ ಚೆಲ್ಲಿದಂತಾಗುತ್ತದೆಯೋ ನೋಡಬೇಕು.

ಮನೆಯ ಹಾದಿ ಅವಳಿಗೆ ಅಂದಿನಷ್ಟು ಉದ್ದ ಎಂದೂ ಆಗಿರಲಿಲ್ಲ. ಅಜ್ಜಿ ಎರಡನೆಯ ರೊಟ್ಟಿ ತಿಂದದ್ದು ನೆನಪಾಗುತ್ತಿತ್ತು. ಕೇಳದೆ ಬಿಟ್ಟರೆ ಹೇಗೆ ಎಂದೂ ಅನಿಸಿತು. ಆದರೆ ಹಿತ್ತಿಲ ಜಗುಲಿಯಲ್ಲಿ ಲುಂಗಿ ಹಾಗೇ ಹಾಸಿಯೇ ಇತ್ತು, ಬೀಜಗಳೂ ಅಲ್ಲಾಡದೆ ಇದ್ದವು. ಬಿಸ್ಮಿಲ್ಲಾ ಬಿ ಯಾರಿಗೂ ತೆಗೆಯಗೊಡದೆ, ಕೋಳಿ ಬಾರದ ಹಾಗೆ ಕೋಲು ಹಿಡಿದು ಕಾದಿದ್ದಳು. ಮಾಸ್ತರರ ಪ್ರಶ್ನೆಯನ್ನು ಜೊಹರಾ ತಡವರಿಸುತ್ತ ಹೇಳಿದಾಗ ಅಜ್ಜಿ ನೊಂದುಕೊಳ್ಳಲಿಲ್ಲ. ಮಾಸ್ತರು ಸರಿಯಾಗಿ ಕೇಳಿದ್ದಾರೆ ಎಂದಳು. ತಾನೇ ಬಗ್ಗಿ ಸುಲಭದವನ್ನು ಒಂದೊಂದಾಗಿ ಆರಿಸಿ ತೆಗೆದಳು. ಯಾವ ಬೀಜ ಯಾವ ಹೆಂಗಸು ಎಂಬುದು ಅವಳಿಗೆ ಮರೆತಿರಲಿಲ್ಲ.

ಮಗು ನೆಟ್ಟಗೇ ಇದ್ದ ಹೆರಿಗೆಯಾದ್ದರಿಂದ ಗುಡ್ನಾಪುರದ ಕಪ್ಪು ಬೀಜವೂ ಆರಿಸಿದವುಗಳ ಜೊತೆ ಹೋಯಿತು. ಉಳಿದವು ಕಡಿಮೆ. ಆದರೆ ಎಡದಲ್ಲೂ ಇದ್ದವು. ಮಗು ಅಡ್ಡವಿದ್ದರೂ ಬೇಗ ಕರೆಸಿಕೊಂಡ ಮನೆಗಳು, ಗಾಡಿ ತಡಮಾಡದ ಊರುಗಳು. ಅವೆಲ್ಲ ಬಿಳಿ. ಬಲಕ್ಕೆ ಹೋದಂತೆ ಮತ್ತೆ ಅದೇ ಏರು, ಅದೇ ಕಪ್ಪು. ಒಂದು ಬಿಳಿ ಬೀಜ ಮಾತ್ರ ಕಪ್ಪಿನ ನಡುವೆ ಗಟ್ಟಿಯಾಗಿ ಕೂತಿತ್ತು. ಅದು ಸಿದ್ದಾಪುರದ ಕಡೆಯ ಹೊನ್ನನ ಮಗಳು, ಬದುಕಿ ಈಗ ಎಮ್ಮೆ ಕಾಯುತ್ತಾಳೆ ಎಂದು ಅಜ್ಜಿ ಹೇಳಿದಳು.

ಇಬ್ಬರೂ ಬಾಗಿಲಲ್ಲಿ ನಿಂತರು. ಈ ಸಲ ಅಜ್ಜಿಯೇ ಮೊದಲು ಮಾತಾಡಿದಳು.

"ಹಾಗಾದ್ರೆ ಕೈಯಲ್ಲ," ಎಂದಳು.

"ಕೈಯಲ್ಲ ದಾದಿ. ಹೊತ್ತು."

ಬಿಸ್ಮಿಲ್ಲಾ ಬಿ ಅಲ್ಲೇ ಹೊಸ್ತಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅಳುವುದನ್ನು ಜೊಹರಾ ಅದುವರೆಗೆ ನೋಡಿರಲಿಲ್ಲ. ಅಡುಗೆಮನೆಯಿಂದ ಓಡಿಬಂದ ಚಾಂದ್ ಬಿಗೆ, ಹೆದರಬೇಡ, ಎದೆ ಹಗುರಾಯಿತು ಅಷ್ಟೇ ಎಂದು ಅಜ್ಜಿಯೇ ಸಮಾಧಾನ ಹೇಳಿದಳು. ಆ ರಾತ್ರಿ ಜೊಹರಾಳಿಗೆ ಪಕ್ಕದಲ್ಲಿ ಗೊರಕೆ ಕೇಳಿಸಿತು.

ಎರಡು ದಿನ ಬಿಟ್ಟು ಭಾನುವಾರ ಬೆಳಿಗ್ಗೆ, ಉಳಿದ ಬೀಜಗಳ ಕಥೆಯನ್ನು ಜೊಹರಾಳಿಂದ ಕೇಳಿದ್ದ ಶಿವಲಿಂಗಪ್ಪ ಮಾಸ್ತರರು ನೀಲವ್ವನನ್ನು ಕರಕೊಂಡು ಅವರ ಮನೆಗೆ ಬಂದರು. ಅವಳು ಬೀದಿಯುದ್ದಕ್ಕೂ ಗೋಡೆ ಹಿಡಿದು ನಿಧಾನವಾಗಿ ನಡೆದು ಬಂದಿದ್ದಳು. ಮಾಸ್ತರರು ಸುತ್ತು ಬಳಸಲಿಲ್ಲ. ನಾನೂ ಊರ ಮಾತು ಕೇಳಿ ಹಿಂಜರಿದಿದ್ದೆ, ಈಗ ಹೆಂಡತಿಯನ್ನು ನಿಮ್ಮ ಕೈಗೆ ಒಪ್ಪಿಸಲು ಬಂದಿದ್ದೇನೆ ಎಂದರು. ಬಿಸ್ಮಿಲ್ಲಾ ಬಿಗೆ ಅಷ್ಟರಿಂದ ಧೈರ್ಯ ಬಂದಿರಲಿಲ್ಲ. ಹಳೆಯದನ್ನು ತಿಳಿಯುವುದು ಬೇರೆ, ಮತ್ತೆ ಒಂದು ಹೊಟ್ಟೆಯ ಮೇಲೆ ಕೈ ಇಡುವುದು ಬೇರೆ. ಆಸ್ಪತ್ರೆಯ ಡಾಕ್ಟರರನ್ನು ಕೇಳಬಾರದೇ ಎಂದಳು. ಆಗ ನೀಲವ್ವ ಬಾಯಿ ಬಿಟ್ಟಳು.

"ಗಂಡಸರ ಮುಂದ ನಾ ಹೋಗಂಗಿಲ್ಲಬೇ. ನೀವು ಬರ್ರಿ. ಬ್ಯಾನಿ ಸುರು ಆಗೋಕಿಂತ ಮೊದಲ ಬರ್ರಿ."

ಬಿಸ್ಮಿಲ್ಲಾ ಬಿ ಅವಳನ್ನು ಒಳಗೆ ಕರಕೊಂಡು ಹೋಗಿ ಚಾಪೆಯ ಮೇಲೆ ಮಲಗಿಸಿದಳು. ಕೈಗೆ ಎಣ್ಣೆ ಸವರಿಕೊಂಡು ಬಸಿರನ್ನು ಮುಟ್ಟಿ ನೋಡಿದಳು. ಮಗುವಿನ ತಲೆ ಪಕ್ಕೆಯಲ್ಲಿತ್ತು. ಅಡ್ಡ ಬಿದ್ದಿತ್ತು. ಹೊರಗೆ ಬಂದು ಅದನ್ನು ಹೇಳಿದಾಗ ಮಾಸ್ತರರು ಜಗುಲಿಯ ಕಂಬ ಹಿಡಿದುಕೊಂಡರು. ಆದರೆ ಅದನ್ನು ಹೇಳುವಾಗ ಬಿಸ್ಮಿಲ್ಲಾ ಬಿಯದು ಕೆಲಸ ಗೊತ್ತಿದ್ದವಳ ದನಿಯಾಗಿತ್ತು. ಇನ್ನೂ ಹೊತ್ತಿದೆ, ದಿನಾ ಬರುತ್ತೇನೆ, ಮೆಲ್ಲಗೆ ತಿರುಗಿಸೋಣ ಎಂದಳು. ಅಟ್ಟದ ಮೇಲಿನ ಗಂಟು ಕೆಳಗಿಳಿಯಿತು.

ದಿನಾ ಮಧ್ಯಾಹ್ನ ಅವಳು ಮಾಸ್ತರರ ಮನೆಗೆ ಹೋಗಿ ಬೆಚ್ಚಗಿನ ಎಣ್ಣೆ ಹಚ್ಚಿ, ಮಗುವಿನೊಡನೆ ತನ್ನ ಭಾಷೆಯಲ್ಲಿ ಏನೋ ಮಾತಾಡುತ್ತ, ತಲೆಯನ್ನು ಬೆರಳಗಲದಷ್ಟು ಬೆರಳಗಲದಷ್ಟು ಸರಿಸುತ್ತಿದ್ದಳು. ಒಂದು ದಿನ ಸರಿದದ್ದು ಮಾರನೆಯ ದಿನಕ್ಕೆ ಹಿಂದೆ ಹೋಗಿರುತ್ತಿತ್ತು. ಹಟಮಾರಿ ಎಂದು ಬೈದು ಮತ್ತೆ ಶುರು ಮಾಡುತ್ತಿದ್ದಳು. ನೀಲವ್ವ ನೋವಿನಲ್ಲೂ ನಗುತ್ತಿದ್ದಳು. ಪಕ್ಕದ ಮನೆಯ ವೆಂಕಮ್ಮ ಮೊದಮೊದಲು ಬೇಲಿಯ ಆಚೆಯಿಂದ ನೋಡುತ್ತಿದ್ದವಳು ಆಮೇಲೆ ತಾನೇ ಎಣ್ಣೆ ಬಿಸಿಮಾಡಿ ತರತೊಡಗಿದಳು. ತಾನು ಆಡಿದ್ದ ಮಾತಿನ ಬಗ್ಗೆ ಅವಳೂ ಎತ್ತಲಿಲ್ಲ, ಇವರೂ ಕೇಳಲಿಲ್ಲ.

ಒಂದು ಮಂಗಳವಾರ ಬಿಸ್ಮಿಲ್ಲಾ ಬಿ ಮನೆಗೆ ಬಂದು, ತಲೆ ಕೆಳಗೆ ಬಂತು, ಇನ್ನು ಹಿಂದೆ ಹೋಗುವುದಿಲ್ಲ ಎಂದಳು. ಆ ವಾರದ ಕೊನೆಗೆ, ಬೆಳಗಿನ ಇಬ್ಬನಿ ಇನ್ನೂ ಆರುವ ಮೊದಲೇ, ನೀಲವ್ವನಿಗೆ ನೋವು ಶುರುವಾಯಿತು. ಮಾಸ್ತರರು ಓಡುತ್ತ ಬಂದಾಗ ಬಿಸ್ಮಿಲ್ಲಾ ಬಿ ಚಹಾ ಕುಡಿಯುತ್ತಿದ್ದಳು. ಚಹಾ ಮುಗಿಸಿಯೇ ಎದ್ದಳು. ಮನೆಯಲ್ಲಿ ನಿಂತು ಮಾಡುವುದೇನೂ ಇಲ್ಲ, ಶಾಲೆಗೆ ಹೋಗಿ ಪಾಠ ಮಾಡಿ ಎಂದು ಅವರನ್ನು ಅಟ್ಟಿಬಿಟ್ಟಳು.

ಅಂದು ಮಾಸ್ತರರು ಮಾಡಿದ ಪಾಠವನ್ನು ಏಳನೆಯ ಇಯತ್ತೆಯ ಹುಡುಗಿಯರು ಬಹಳ ದಿನ ಹೇಳಿಕೊಂಡು ನಗುತ್ತಿದ್ದರು. ಬಡ್ಡಿಯ ಲೆಕ್ಕ ಶುರು ಮಾಡಿ ನೀರಿನ ತೊಟ್ಟಿಯ ಲೆಕ್ಕದಲ್ಲಿ ಮುಗಿಸಿದರು. ಕೂಡಿಸಬೇಕಾದಲ್ಲಿ ಕಳೆದರು. ಜೊಹರಾ ಎದ್ದು ತಪ್ಪು ತೋರಿಸಿದಾಗ ಹೌದಲ್ಲ ಎಂದು ಒರೆಸಿ, ಮತ್ತೆ ಅದನ್ನೇ ಬರೆದರು. ಮಾಸ್ತರರ ಮನೆಯೊಳಗೆ ಯಾರದೋ ಮಗು ಮಾತ್ರವಲ್ಲ, ಅವಳ ಅಜ್ಜಿಯೂ ಇದ್ದಳು. ಈ ಸಲ ಏನಾದರೂ ಆದರೆ ಎಷ್ಟು ಬೀಜ ಇಟ್ಟರೂ ಅಜ್ಜಿ ಮತ್ತೆ ಏಳುವವಳಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನದ ಬಿಡುವಿನ ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮೊದಲು ಶಾಲೆಯ ಅಂಗಳದಲ್ಲಿ ವೆಂಕಮ್ಮ ಕಾಣಿಸಿದಳು. ಹುಟ್ಟಿದಾರಭ್ಯ ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಳು. ಮಾಸ್ತರರು ಹಲಗೆಯಿಂದ ಈಚೆ ತಿರುಗಿದರು.

"ಕೂಸು ಹುಟ್ತು," ಎಂದಳು ವೆಂಕಮ್ಮ.

"ಆರಾಮ ಐತೇನ್ರೀ? ಆಕಿ?"

"ಇಬ್ರೂ ಆರಾಮ. ಎಂತ ತೊಂದ್ರೆನೂ ಇಲ್ಲೆ."

ಮಾಸ್ತರರು ಕುರ್ಚಿ ಎಳೆದುಕೊಂಡು ಕೂತರು. ಕೂಸು ಅಂದ್ರ ಎಂಥಾ ಕೂಸು, ಗಂಡೋ ಹೆಣ್ಣೋ ಎಂದು ಕೇಳಿದರು. ವೆಂಕಮ್ಮನಿಗೆ ಆಶ್ಚರ್ಯವಾಯಿತು. ಅವಳ ಮನೆಮಾತಿನಲ್ಲಿ ಕೂಸು ಎಂದರೆ ಹೆಣ್ಣೇ, ಗಂಡಾದರೆ ಮಾಣಿ.

"ಕೂಸು ಹೇಳಿ ಆತಲೆ," ಎಂದಳು. "ಮಾಣಿ ಆಗಿದ್ರೆ ಮಾಣಿ ಹೇಳ್ತಿದ್ನಿಲ್ಯ?"

ಹುಡುಗಿಯರು ಗೊಳ್ಳೆಂದು ನಕ್ಕರು. ಮಾಸ್ತರರೂ ನಕ್ಕರು, ನಗುತ್ತಲೇ ಮಫ್ಲರಿನಿಂದ ಕಣ್ಣೊರೆಸಿಕೊಂಡರು. ಹೊತ್ತಿಗೆ ಮೊದಲೇ ಗಂಟೆ ಹೊಡೆಸಿ ಎಲ್ಲರನ್ನೂ ಬಿಟ್ಟರು. ಜೊಹರಾ ಅವರಿಗಿಂತ ಮುಂದೆ ಓಡಿದಳು. ಮಾಸ್ತರರ ಮನೆಯ ಹಿಂದಿನ ಕಲ್ಲಿನ ಮೇಲೆ ಅಜ್ಜಿ ಕೈ ತೊಳೆಯುತ್ತ ಕೂತಿದ್ದಳು. ಬಾಗಿದ ಬೆನ್ನು, ಮೊಣಕೈ ಮೇಲಕ್ಕೆ ಏರಿಸಿಕೊಂಡ ಕುಪ್ಪಸದ ತೋಳು, ಹಣೆಯಲ್ಲಿ ಬೆವರು. ಮೊಮ್ಮಗಳನ್ನು ಕಂಡು ನೀರು ಹಾಕು ಎಂದು ಅಂಗೈ ಚಾಚಿದಳು, ಅಷ್ಟೇ. ಒಳಗಿನಿಂದ ಮಗು ಅಳುವ ಸದ್ದು ಬರುತ್ತಿತ್ತು, ಗಟ್ಟಿಯಾಗಿ, ಸಿಟ್ಟಿನಿಂದ. ಜೊಹರಾ ಚೊಂಬಿನಿಂದ ನೀರು ಹಾಕುತ್ತ ಅದನ್ನು ಕೇಳಿಸಿಕೊಂಡಳು. ಅಂದು ಬಿಸ್ಮಿಲ್ಲಾ ಬಿಗೆ ವೆಂಕಮ್ಮ ತನ್ನ ಮನೆಯಿಂದ ಅವಲಕ್ಕಿ, ಮೊಸರು ತಂದು ಬಾಳೆಲೆಯಲ್ಲಿ ಬಡಿಸಿದಳು.

ಸಂತೆಯಲ್ಲಿ ಈಗ ಬೇರೆ ಮಾತು ಹುಟ್ಟಿತು. ಬಿಸ್ಮಿಲ್ಲಾ ಬಿಯ ಕೈಗುಣ ತಿರುಗಿ ಬಂತಂತೆ, ಅಡ್ಡ ಬಿದ್ದ ಮಗುವನ್ನು ಮುಟ್ಟಿಯೇ ನೆಟ್ಟಗೆ ಮಾಡಿದಳಂತೆ. ಮಾಸ್ತರರು ಇದನ್ನು ಕೇಳಿ ಬೇಸರಪಟ್ಟರು. ಹಿಂದೆ ಕೆಲವನ್ನೇ ನೋಡಿ ಕೈ ಹೋಯಿತು ಎಂದವರು ಈಗ ಒಂದನ್ನೇ ನೋಡಿ ಕೈ ಬಂತು ಎನ್ನುತ್ತಾರಲ್ಲ ಎಂದು ಜೊಹರಾಳೊಡನೆ ಹೇಳಿಕೊಂಡರು. ಅಜ್ಜಿಗೆ ಬೇಸರವಾಗಲಿಲ್ಲ. ಹೇಳುವವರು ಏನು ಬೇಕಾದರೂ ಹೇಳಲಿ, ಕರೆಯುವುದಾದರೆ ಮೊದಲ ನೋವಿಗೇ ಕರೆಯಲಿ ಎಂದಳು. ಮನೆಗೆ ಯಾರು ಬಂದರೂ, ಸಂತೆಯಲ್ಲಿ ಯಾರು ಸಿಕ್ಕರೂ ಅದನ್ನೇ ಹೇಳುತ್ತಿದ್ದಳು. ನೂರ್ ಅಹ್ಮದ್ ಗಾಡಿ ನಿಲ್ಲಿಸಿದ ಊರೂರಿನಲ್ಲಿ ತಾಯಿಯ ಮಾತು ಮುಟ್ಟಿಸಿದ. ದಾಸನಕೊಪ್ಪದ ದುರ್ಗಿ ತಾನೇ ಬಂದು ಅವಳ ಕೈ ಹಿಡಿದು ಕೂತು ಹೋದಳು. ಅವರಿಬ್ಬರೂ ಏನು ಮಾತಾಡಿದರೆಂದು ಜೊಹರಾಳಿಗೆ ಕೇಳಿಸಲಿಲ್ಲ. ಹೋಗುವಾಗ ದುರ್ಗಿಯ ಮುಖ ತಿಳಿಯಾಗಿತ್ತು.

ಯುಗಾದಿಯ ಮುಂಚಿನ ಒಂದು ಬೆಳಿಗ್ಗೆ ಮನೆಯ ಮುಂದೆ ಗುಡ್ನಾಪುರದ ಗಾಡಿ ಬಂದು ನಿಂತಿತು. ನಾಗಪ್ಪನೆಂಬ ರೈತ ಇಳಿದು, ಮಗಳ ಹೆರಿಗೆಗೆ ಬರಬೇಕು ಎಂದ. ಬಿಸ್ಮಿಲ್ಲಾ ಬಿ ಗಂಟು ಹಿಡಿದು ಹೊರಟೇಬಿಟ್ಟಳು. ಗಾಡಿಯ ಮೂಕಿಗೆ ಕೈ ಹಚ್ಚಿ, ನೋವು ಯಾವಾಗ ಶುರುವಾಯಿತು ಎಂದು ಕೇಳಿದಳು. ನಾಗಪ್ಪ ತಲೆ ಕೆರೆದುಕೊಂಡ. ನೋವು ಇನ್ನೂ ಬಂದಿಲ್ಲ, ಇನ್ನೊಂದು ವಾರ ಇರಬಹುದು ಎಂದು ಮನೆಯವರು ಹೇಳುತ್ತಾರೆ, ಆದರೂ ಬೇಗ ಬರಬೇಕು ಅಂತ ನೀವೇ ಹೇಳಿ ಕಳಿಸಿದ್ದಿರಲ್ಲ ಎಂದ.

ಬಿಸ್ಮಿಲ್ಲಾ ಬಿ ಅವನನ್ನು ನೋಡಿದಳು, ಗಾಡಿಯನ್ನು ನೋಡಿದಳು. ಆಮೇಲೆ ಒಳಗೆ ತಿರುಗಿ, ಒಂದು ವಾರಕ್ಕೆ ಬೇಕಾಗುವ ಬಟ್ಟೆ ಕಟ್ಟಿಕೊಡು ಎಂದು ಸೊಸೆಗೆ ಹೇಳಿದಳು. ಜೊಹರಾ ಹಿಡಿದ ಕೈಯ ಆಸರೆಯಲ್ಲಿ ಗಾಡಿ ಹತ್ತಿ, ಹುಲ್ಲಿನ ಮೇಲೆ ಕಾಲು ನೀಡಿ ಆರಾಮವಾಗಿ ಕೂತಳು.